ಪಥರಿ ಹೋಯ್ತು, ನಳಿಗಿ ಹೈರಾಣ ಮಾಡ್ತು: ಕಲಬುರಗಿಯ ಒಂದು ಕಿಡ್ನಿ ದವಾಖಾನಿ ರಿವ್ಯೂ

5ಕ್ಕ 3.5 ಸ್ಟಾರ್. ಡಾಕ್ಟರ್ ಕೈಗುಣಕ್ಕ 5 ಕೊಡಬಹುದು, ಉಳಿದದ್ದು ಯಾಕ ಕಟ್ ಮಾಡೀನಿ ಅಂತ ಓದ್ರಿ. ದವಾಖಾನಿ ಹೆಸರು ಬರೆಯಂಗಿಲ್ಲ. ಹೊಸದಾಗಿ ಪಥರಿ, ಅಂದ್ರ ಕಿಡ್ನಿ ಹರಳು, ಅಂತ ಗೊತ್ತಾದವ್ರಿಗೆ ಕೆಲಸಕ್ಕ ಬರ್ಲಿ ಅಂತ ಬರ್ಲತ್ತೀನಿ, ಜಗಳಕ್ಕಲ್ಲ.

ನಾ ದಾಲ್ ಮಿಲ್ಲಿನ್ಯಾಗ ಲೆಕ್ಕ ಬರೆಯಾಂವ. ನಮ್ಮ ಕಲಬುರಗಿ ಬ್ಯಾಸಗಿ ನಿಮಗ ಹೇಳೋದು ಬ್ಯಾಡ, 43-44 ಡಿಗ್ರಿ, ಮ್ಯಾಗ ತಗಡಿನ ಶೆಡ್ಡು, ಸಂಜೀಕ ಅಂಗಿ ಬೆನ್ನಿನ ಮ್ಯಾಗ ಬೆವರಿನ ಉಪ್ಪು ಬಿಳಿ ಗೆರಿ ಬಿದ್ದಿರ್ತಿತ್ತು, ದಿನಕ್ಕ ಒಂದಕ್ಕ ಹೋಗೋದು ಎರಡೇ ಸಲ ಅದೂ ಕುಸುಬಿ ಎಣ್ಣಿ ಬಣ್ಣ. ನೀರಿಗಿಂತ ಚಾನೇ ಹೆಚ್ಚು ಕುಡೀತಿದ್ದೆ. ಆಗಿಂದ್ಲೇ ಹರಳು ಕಟ್ಲತ್ತಿತ್ತು ಅಂತ ಈಗ ತಿಳಿತದ.

ಮೇ ತಿಂಗಳಾಗ ಒಂದು ರಾತ್ರಿ ಎರಡಕ್ಕ ಎಡಗಡಿ ಟೊಂಕದಾಗ ಶುರುವಾಯ್ತು. ಮೊದಲ ಗ್ಯಾಸ್ ಅಂದ್ಕೊಂಡೆ, ನಮ್ಮಾಕಿ ಅಜವಾನ ಬಿಸಿನೀರು ಕೊಟ್ಲು, ಅದೂ ಹೊರಗ ಬಂತು. ಕುಂತ್ರ ಆಗಂಗಿಲ್ಲ, ನಿಂತ್ರ ಆಗಂಗಿಲ್ಲ, ಬ್ಯಾನಿ ಟೊಂಕದಿಂದ ತೊಡಿ ಸಂದಿ ತನಕ ಇಳೀಲತ್ತಿತ್ತು, ಕಡೀಗೆ ಅಂಗಿ ತೆಗೆದು ಶಹಾಬಾದ್ ಪರಸಿ ಮ್ಯಾಗ ಹೊಳ್ಳಾಡ್ಲತ್ತಿದ್ದೆ, ತೆಳಗೂ ಕಲ್ಲು ಒಳಗೂ ಕಲ್ಲು. ಆಟೊ ಸಿಗಲಿಲ್ಲ. ಬಾಜು ಮನಿ ಹುಡುಗ ಗಾಡಿ ತಗದ, "ಕಾಕಾ, ಗಟ್ಟಿ ಹಿಡ್ಕೋರಿ" ಅಂದ, ಆ ದಾರ್ಯಾಗ ಎಷ್ಟು ಬ್ರೇಕರ್ ಅವ ಅಂತ ನನಗ ಇವತ್ತಿಗೂ ನೆನಪದ.

ಇಲ್ಲಿ ದವಾಖಾನಿಯವ್ರನ್ನ ಮೆಚ್ಚಲೇಬೇಕು. ರಾತ್ರಿ ಡ್ಯೂಟಿ ಡಾಕ್ಟರ್ ಸಣ್ಣ ಹುಡುಗ, ನಾ ಬೆಂಚಿನ ಮ್ಯಾಗಿಂದ ಗ್ವಾಡಿಗೆ, ಗ್ವಾಡಿಯಿಂದ ನೆಲಕ್ಕ ಆಡೋದು ನೋಡಿ "ಪಥರಿ ಇರ್ಬೇಕ್ರಿ ಅಣ್ಣಾರ, ಅಪೆಂಡಿಕ್ಸ್ ಆದ್ರ ಮನಷ್ಯಾ ಅಲುಗಾಡ್ದಂಗ ಮಲಗ್ತಾನ, ಪಥರಿ ಆದ್ರ ಒಂದ್ ಕಡಿ ನಿಲ್ಲಂಗಿಲ್ಲ" ಅಂದ. ಅಸಿಡಿಟಿ, ಕಿಡ್ನಿ ತೊಂದ್ರಿ ಏನರ ಅದ ಏನು ಅಂತ ಕೇಳಿನೇ ಬ್ಯಾನಿ ಇಳಿಸೋ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ರು, ಅರ್ಧ ತಾಸಿನ್ಯಾಗ ನಾ ಮನಷ್ಯಾ ಆದೆ.

ಮುಂಜಾನಿ ಸೋನೋಗ್ರಫಿಯಾಗ ಕಿಡ್ನಿ ಬಾತದ್ದು ಕಾಣ್ತು ಖರೇ, ಹರಳು ಕಾಣಲಿಲ್ಲ. ನಳದಾಗ ಇಳಿದ ಹರಳು ಸೋನೋಗ್ರಫಿಗೆ ತಪ್ಪಿಸ್ಕೊಳ್ತದಂತ. ಬಣ್ಣದ ಇಂಜೆಕ್ಷನ್ ಇಲ್ದ ಸಿಟಿ ಸ್ಕ್ಯಾನ್ ಮಾಡಿದ್ರು, ಕಿಡ್ನಿಯಿಂದ ಮೂತ್ರದ ಚೀಲಕ್ಕ ಬರೋ ನಳದ ತೆಳಗಿನ ತುದಿಯಾಗ 8 ಎಂಎಂ. ದೊಡ್ಡ ಡಾಕ್ಟರ್ ಅವತ್ತೇ ಆಪರೇಷನ್ ಅನ್ನಲಿಲ್ಲ, ಇದು ನನಗ ಭಾಳ ಸೇರ್ತು. 5 ಎಂಎಂ ಒಳಗಿನವು ಬಹಳಷ್ಟು ತಾವೇ ಬೀಳ್ತಾವ, 8 ಅಂದ್ರ ಬಿದ್ರ ಬಿತ್ತು ಇಲ್ಲಂದ್ರ ಇಲ್ಲ, ಮೂರು ವಾರ ನೋಡೋಣ ಅಂತ ಟ್ಯಾಮ್ಸುಲೋಸಿನ್ ಅನ್ನೋ ನಳ ಸಡಿಲ ಮಾಡೋ ಗುಳಿಗಿ ಬರೆದ್ರು. ಆ ಗುಳಿಗಿ ತಗೊಂಡು ಗಪ್ಪನ ಎದ್ರ ತಲಿ ತಿರಗ್ತದ, ಸಾವಕಾಶ ಏಳ್ರಿ. ಚಳಿ ಜ್ವರ ಬಂದ್ರ ಮಾತ್ರ ರಾತ್ರಿ ಹಗಲು ನೋಡ್ಬ್ಯಾಡ್ರಿ, ಓಡಿ ಬರ್ರಿ, ಕಟ್ಟಿದ ಕಿಡ್ನಿಯಾಗ ಕೀವಾದ್ರ ಜೀವಕ್ಕ ಬರ್ತದ ಅಂತ ಎರಡು ಸಲ ಹೇಳಿದ್ರು.

ಮೂರು ವಾರ ಮನಿಗೆ ಬಂದವ್ರೆಲ್ಲಾ ಡಾಕ್ಟರ್ರೇ. ಹುಳ್ಳಿ ಕಟ್ಟು, ಬಾಳಿ ದಿಂಡಿನ ರಸ, ಮಿಲ್ಲಿನ ಹಮಾಲರು ಅಂತೂ ಬೀರ್ ತಂದೇಬಿಟ್ಟಿದ್ರು. ಡಾಕ್ಟರ್ ನಕ್ಕು "ಅದರಾಗಿನ ನೀರು ಸಾಕ್ರಿ, ಬರೇ ನೀರೇ ಕುಡೀರಿ" ಅಂದ್ರು. ಬಿದ್ದ ಹರಳು ಟೆಸ್ಟಿಗೆ ಬೇಕು, ಸೋಸಿ ಹಿಡೀರಿ ಅಂದಿದ್ರಲ್ಲ, ಸೂಪರ್ ಮಾರ್ಕೆಟಿನ್ಯಾಗ 30 ರೂಪಾಯಿಗೆ ಚಾ ಸೋಸೋ ಜಾಳಿಗಿ ತಂದೆ. ಅಡಿಗಿ ಮನಿ ಜಾಳಿಗಿ ಜೋಡಿ ಕೂಡಬಾರದು ಅಂತ ನಮ್ಮಾಕಿ ಹಿಡಿಕಿಗೆ ಕೆಂಪು ದಾರ ಬಿಗಿದು ಬಚ್ಚಲದ ಮೊಳಿಗೆ ತೂಗ ಹಾಕಿದ್ಲು. ದಿನಾ ಹಿಡಿದೆ. ಏನೂ ಬೀಳಲಿಲ್ಲ, ನಡುವ ಎರಡು ಸಲ ಮತ್ತ ಬ್ಯಾನಿ ಎದ್ದು ಇಂಜೆಕ್ಷನ್ ಆಯ್ತು.

ಆಪರೇಷನ್ ಬಗ್ಗೆ ಹೇಳೋದು ಸ್ವಲ್ಪೇ ಅದ. ಬೆನ್ನಿಗೆ ಸೂಜಿ, ಟೊಂಕದ ತೆಳಗ ನಂದಲ್ಲ ಅನ್ನಂಗ ಆಯ್ತು, ಹೊಟ್ಟಿ ಕೊಯ್ಯೋದಿಲ್ಲ, ಒಂದಕ್ಕ ಹೋಗೋ ದಾರಿಯಿಂದ್ಲೇ ದುರ್ಬೀನು ಹಾಕಿ ಲೇಸರ್‌ದಿಂದ ಪುಡಿ ಮಾಡಿದ್ರು. ಆ ಪುಡಿ ಸಣ್ಣ ಬಾಟ್ಲಿಯಾಗ ಹಾಕಿ ತೋರಿಸಿದ್ರು, ನೋಡಿದ್ರ ನಮ್ಮ ಮಿಲ್ಲಿನ ಜರಡಿ ತೆಳಗ ಬೀಳೋ ತೊಗರಿ ನುಚ್ಚು ಇದ್ದಂಗೇ, ಬಣ್ಣ ಜರಾ ಕಂದು ಅಷ್ಟೇ. ಇಷ್ಟು ನುಚ್ಚಿಗೆ ಅಷ್ಟು ಒದ್ದಾಟ.

ಬಿಲ್: ಪ್ಯಾಕೇಜ್ 45 ಸಾವಿರ ಅಂದಿದ್ರು, ಕೈಗೆ ಬಂದದ್ದು 57. ಲೇಸರ್ ತಂತಿ ಬ್ಯಾರೆ, ಆಪರೇಷನ್ ಆದ ಮ್ಯಾಲ ಒಳಗ ಇಟ್ಟ ನಳಿಗಿ ಬ್ಯಾರೆ, ಆ ನಳಿಗಿ ತೆಗಿಯೋದೂ ಬ್ಯಾರೆ. ನಾನೂ ಪಟ್ಟಿ ಬರೆಯಾಂವನೇ, ರೈತರ ಪಟ್ಟಿಯಾಗ ಹಮಾಲಿ, ತೂಕ ಅಂತ ಕಟ್ ಮಾಡೋದು ದಿನಾ ನೋಡ್ತೀನಿ, ಇವ್ರು ನಮ್ಮ ಅಡತಿ ಅಂಗಡಿಯವ್ರಿಗೂ ಪಾಠ ಹೇಳ್ತಾರ. ಒಳಗ ಹಾಕಿದ್ದನ್ನ ಹೊರಗ ತೆಗಿಲಿಕ್ಕಿಲ್ಲೇನು, ಅದನ್ನ ಪ್ಯಾಕೇಜಿನ್ಯಾಗ ಯಾಕ ಹಿಡಿಯಂಗಿಲ್ಲ? ನೀವು "ಎಲ್ಲಾ ಸೇರಿ ಎಷ್ಟು" ಅಂತ ಕಾಗದದ ಮ್ಯಾಗ ಬರೆಸ್ಕೊಳ್ರಿ. ಬಿಪಿಎಲ್ ಕಾರ್ಡ್ ಇದ್ದವ್ರು ಮೊದಲ ಸರ್ಕಾರಿ ದವಾಖಾನ್ಯಾಗ ಆಯುಷ್ಮಾನ್ ಬಗ್ಗೆ ಕೇಳ್ರಿ, ಅಲ್ಲಿ ಆಗ್ಲಿಲ್ಲಂದ್ರ ರೆಫರಲ್ ಚೀಟಿ ಕೇಳ್ರಿ, ಸೀದಾ ಪ್ರೈವೇಟಿಗೆ ಬಂದು ಆಮ್ಯಾಲ ಕಾರ್ಡ್ ತೋರಿಸಿದ್ರ ನಡೆಯಂಗಿಲ್ಲ ಅಂತ ನನ್ನ ಬಾಜು ಕಾಟಿನವ್ರಿಗೆ ಹೇಳಿ ಕಳಿಸಿದ್ರು.

ಈಗ ಖರೇ ಸಿಟ್ಟಿನ ಮಾತು, ಆ ನಳಿಗಿದು. ಡಿಸ್ಚಾರ್ಜ್ ಚೀಟಿಯಾಗ ಇಂಗ್ಲಿಷಿನ್ಯಾಗ ಒಂದೇ ಲೈನು, ಡಿಜೆ ಸ್ಟೆಂಟ್ ಇನ್ ಸಿಟು, ಅಂದ್ರ ನಳಿಗಿ ಒಳಗೇ ಅದ ಅಂತ. ನನಗ ಡಿಜೆ ಅಂದ್ರ ಗಣಪತಿ ಮೆರವಣಿಗಿದು ಗೊತ್ತಿತ್ತು. ಮನಿಗೆ ಬಂದ ದಿನದಿಂದ ಅರ್ಧ ತಾಸಿಗೊಮ್ಮೆ ಅವಸರ, ರಾತ್ರಿ ಆರೇಳು ಸಲ, ಹೋಗುವಾಗ ಉರಿ ಒಂದು ಕಡಿ ಇರ್ಲಿ, ಮುಗಿಯೋ ಹೊತ್ತಿಗೆ ಟೊಂಕದಾಗ ಮ್ಯಾಲಕ್ಕ ಝಾಡಿಸಿ ಒದ್ದಂಗ ಆಗೋದು, ಬೈಕ್ ಮ್ಯಾಗ ಮಿಲ್ಲಿಗೆ ಹೋಗಿ ಬಂದ ದಿನ ಕೆಂಪಗ ರಕ್ತ. ಆಪರೇಷನ್ ಕೆಟ್ಟದ ಅಂತ ಹೆದರಿ ರಾತ್ರಿ 11ಕ್ಕ ಮತ್ತ ದವಾಖಾನಿ. ಸಿಸ್ಟರ್ ತಲಿ ಎತ್ತಲಿಲ್ಲ, "ಅದು ಸ್ಟೆಂಟ್‌ದು ಸರ್, ಕಾಮನ್" ಅಂದ್ಲು. ಅವ್ವಾ ತಾಯಿ, ಕಾಮನ್ ಇದ್ರ ಮೊದಲೇ ಹೇಳ್ಬೇಕಿತ್ತಲ್ಲ?

ಮರುದಿನ ಡಾಕ್ಟರ್ ಐದು ನಿಮಿಷ ಕೊಟ್ಟು ತಿಳಿಸಿದ್ರು. ಲೇಸರ್ ಮಾಡಿದ ಮ್ಯಾಲ ನಳ ಬಾತು ಮತ್ತ ಕಟ್ಟಬಾರದಂತ ಒಳಗ ಸಣ್ಣ ನಳಿಗಿ ಇಡ್ತಾರ, ಅದರ ತುದಿ ಚೀಲದಾಗ ಚುಚ್ಚೋದ್ರಿಂದ ಅವಸರ, ಒಂದಕ್ಕ ಹೋಗುವಾಗ ಒಂದೀಟು ಹಿಂದಕ್ಕ ಕಿಡ್ನಿಗೆ ಏರೋದ್ರಿಂದ ಟೊಂಕದ ಒದಿ. ಮೊದಲಿನ ಟ್ಯಾಮ್ಸುಲೋಸಿನ್ ಗುಳಿಗಿನೇ ಮತ್ತ ಬರೆದ್ರು, ಅರ್ಧ ಕಡಿಮಿ ಆಯ್ತು. ಈ ಐದು ನಿಮಿಷ ಡಿಸ್ಚಾರ್ಜ್ ದಿನ ಕೊಟ್ಟಿದ್ರ ನಾ 4.5 ಕೊಡ್ತಿದ್ದೆ.

ಇದು ಬರೇ ನನ್ನ ತ್ರಾಸಿನ ಮಾತಲ್ಲ. ಓಪಿಡಿಯಾಗ ಜೇವರ್ಗಿ ಕಡಿ ಅಜ್ಜ ಒಬ್ರು ಸಿಕ್ಕಿದ್ರು, ಬ್ಯಾರೆ ಎಲ್ಲೋ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು, ಒಳಗ ನಳಿಗಿ ಅದ ಅಂತನೇ ಅವರಿಗೆ ಗೊತ್ತಿಲ್ಲ, ಅದರ ಮ್ಯಾಗೇ ಹರಳು ಬೆಳೆದು ಕುಂತದ. "ಕಲ್ಲು ತೆಗಿಸ್ಕೊಂಡೆ ಅಂತ ಖುಷಿಯಾಗಿದ್ದೆ ತಮ್ಮಾ" ಅಂದ್ರು. ನನಗ ಬಾಯಿ ಬರಲಿಲ್ಲ. ನಾ ಅವತ್ತೇ ಮಿಲ್ಲಿನ ಕ್ಯಾಲೆಂಡರಿನ್ಯಾಗ ತೆಗಿಯೋ ತಾರೀಖಿಗೆ ಗೋಲ್ ಹಾಕಿದೆ, ಯಾಕಂದ್ರ ದವಾಖಾನಿಯಿಂದ ಒಂದು ಫೋನೂ ಬರಂಗಿಲ್ಲ, ಬರಲೂ ಇಲ್ಲ.

ತೆಗಿಯೋದಕ್ಕ ಹೆದರಬ್ಯಾಡ್ರಿ. ಜೆಲ್ಲಿ ಹಾಕಿ, ಕ್ಯಾಮೆರಾ ಬಿಟ್ಟು, ಹಿಡಿದು ಎಳೀತಾರ, ಎರಡು ಮೂರು ನಿಮಿಷ, ಹಲ್ಲು ಕಚ್ಚಿ ಹಿಡೀಬೇಕು. ಹೊರಗ ಬಂದದ್ದು ನೋಡಿದೆ, ಒಂದು ಗೇಣಿಗಿಂತ ಉದ್ದ, ಎರಡೂ ತುದಿ ಹಂದಿ ಬಾಲದಂಗ ಸುತ್ತಿಕೊಂಡದ್ದು. ಅವತ್ತು ರಾತ್ರಿ ಎದ್ದದ್ದು ಒಂದೇ ಸಲ.

ಹರಳು ಟೆಸ್ಟಿನ್ಯಾಗ ಕ್ಯಾಲ್ಸಿಯಂ ಆಕ್ಸಲೇಟ್ ಬಂತು, ಹೆಚ್ಚಿನ ಮಂದಿಗೆ ಅದೇ ಇರ್ತದಂತ. ಅಲ್ಲಿ ಕೊಡೋ ಛಾಪಿಸಿದ ಪಥ್ಯದ ಚೀಟಿಯಾಗ ಹಾಲು ಮೊಸರು ಬಂದ್ ಅಂತ ಅದ, ಡಾಕ್ಟರ್ರಿಗೆ ಕೇಳಿದ್ರ ಹಾಲು ಬಿಡಬ್ಯಾಡ್ರಿ, ಊಟದ ಜೋಡಿ ಕ್ಯಾಲ್ಸಿಯಂ ಇದ್ರ ಆಕ್ಸಲೇಟ್ ಹೊಟ್ಟಿಯಾಗೇ ಅದಕ್ಕ ಅಂಟಿ ಹೊರಗ ಹೋಗ್ತದ, ಉಪ್ಪು ಕಡಿಮಿ ಮಾಡ್ರಿ, ಆಕ್ಸಲೇಟ್ ಇರೋ ಪಾಲಕ ಶೇಂಗಾ ಮಿತಿಯಾಗ ಇರ್ಲಿ ಅಂದ್ರು. ಹಂಗಾದ್ರ ಆ ಚೀಟಿ ಯಾಕ ಹಂಚ್ಲತ್ತಾರೋ ಗೊತ್ತಿಲ್ಲ. ಶೇಂಗಾ ಹಿಂಡಿ ಇಲ್ದ ಜ್ವಾಳದ ರೊಟ್ಟಿ ಹೆಂಗ ಇಳೀತದ ಅಂತ ಕೇಳಿದೆ, ಅವ್ರೂ ಇದೇ ಕಡಿಯವ್ರು, "ಒಂದು ಚಮಚೆ" ಅಂತ ಒಪ್ಪಿಕೊಂಡ್ರು. ನೀರಿನ ಲೆಕ್ಕ ಕುಡಿಯೋದ್ರ ಮ್ಯಾಗ ಅಲ್ಲ, ಹೊರಗ ಹೋಗೋದ್ರ ಮ್ಯಾಗ, ದಿನಕ್ಕ ಎರಡೂವರಿ ಲೀಟರ್ ಹೋಗಬೇಕು. ನಮ್ಮ ಬಿಸಿಲಿನ್ಯಾಗ ಬೆವರಿಗೆ ಬ್ಯಾರೆ ಹಿಡೀಬೇಕು, ನಾ ಮಿಲ್ಲಿನ್ಯಾಗೇ ಎರಡು ಲೀಟರಿನ ಬಾಟ್ಲಿ ಎರಡು ಖಾಲಿ ಮಾಡ್ತೀನಿ, ಮಾಲಕರು "ಕೆಲಸಕ್ಕಿಂತ ಬಚ್ಚಲಕ್ಕೇ ಹೆಚ್ಚು ಹೋಗ್ತಿ" ಅಂತ ಬೈತಾರ.

ಮೊನ್ನೆ ಆರು ತಿಂಗಳ ಚೆಕಪ್ಪಿಗೆ ಹೋಗಿದ್ದೆ. ಬಲಗಡಿ ಕಿಡ್ನಿಯಾಗ 3 ಎಂಎಂ ಒಂದು ಕುಂತದ, ಡಾಕ್ಟರ್ ಸುಮ್ನ ಬಿಡ್ರಿ ಅಂದ್ರು. ಕೆಂಪು ದಾರದ ಜಾಳಿಗಿ ಒಗೀಬೇಕಂತ ತೆಗೆದಿದ್ದೆ, ನಮ್ಮಾಕಿ ಕಸ್ಕೊಂಡು ಮತ್ತ ಮೊಳಿಗೇ ಹಾಕ್ಯಾಳ.