ಗ್ರೀಸ್ ರಿಯೇಜೆಂಟ್ ಕಿಟ್: ಬಣ್ಣ ಬರುತ್ತದೆ, ಅದನ್ನು ನಂಬಬಹುದೇ?

ಸಸ್ಯದ ಸಾರಕ್ಕೋ ಹೊಸ ಸಂಯುಕ್ತಕ್ಕೋ ಉರಿಯೂತ ತಗ್ಗಿಸುವ ಗುಣ ಇದೆಯೇ ಎಂದು ನೋಡುವಾಗ ಬಹುತೇಕ ಲ್ಯಾಬ್‌ಗಳು ಮೊದಲು ಹಿಡಿಯುವ ಜರಡಿ ನೈಟ್ರೈಟ್ ಅಳತೆ. ಇಲಿಯ ರಾ 264.7 ಮ್ಯಾಕ್ರೋಫೇಜ್ (ಒಂದು ಬಗೆಯ ರೋಗನಿರೋಧಕ) ಕೋಶಗಳಿಗೆ ಉರಿಯೂತ ಕೆರಳಿಸುವ ಬ್ಯಾಕ್ಟೀರಿಯಾದ ಎಲ್‌ಪಿಎಸ್ ಕೊಟ್ಟರೆ ಅವು ಐನೋಸ್ (iNOS) ಎಂಬ ಕಿಣ್ವವನ್ನು ತಯಾರಿಸಿ ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಆ ಅನಿಲದ ಆಯುಷ್ಯ ಕೆಲವೇ ಸೆಕೆಂಡು. ಮೀಡಿಯಮ್‌ನಲ್ಲಿ, ಅಂದರೆ ಕೋಶ ಬೆಳೆಸುವ ದ್ರವದಲ್ಲಿ, ಉಳಿಯುವುದು ನೈಟ್ರೈಟ್, ನೈಟ್ರೇಟ್. 1879ರಲ್ಲಿ ಪೀಟರ್ ಗ್ರೀಸ್ ವಿವರಿಸಿದ ಬಣ್ಣದ ಕ್ರಿಯೆ ಹಿಡಿಯುವುದು ನೈಟ್ರೈಟನ್ನು ಮಾತ್ರ.

ಪ್ರೊಮೆಗಾ ಕಂಪನಿಯ ಗ್ರೀಸ್ ರಿಯೇಜೆಂಟ್ ಸಿಸ್ಟಮ್‌ನಲ್ಲಿರುವುದು ಮೂರೇ ದ್ರಾವಣ: 5% ಫಾಸ್ಫಾರಿಕ್ ಆಮ್ಲದಲ್ಲಿ 1% ಸಲ್ಫನಿಲಮೈಡ್ (ಒಂದು ಕಾಲದ ಸಲ್ಫಾ ಔಷಧವೇ), ನೀರಿನಲ್ಲಿ 0.1% ಎನ್‌ಇಡಿ (ಕೊನೆಯಲ್ಲಿ ಬಣ್ಣ ತರಿಸುವ ರಾಸಾಯನಿಕ), ಮತ್ತು ಹೋಲಿಕೆಗೆ 0.1 ಮೋಲಾರ್ ಸೋಡಿಯಂ ನೈಟ್ರೈಟ್. ಮೊದಲೆರಡನ್ನೂ ಬೆರೆಸಿಟ್ಟ ಒಂದೇ ಬಾಟಲಿಯ ರಿಯೇಜೆಂಟ್ ಕೂಡ ಮಾರುಕಟ್ಟೆಯಲ್ಲಿದೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೂ ಬೇರೆಬೇರೆ ಬಾಟಲಿಯೇ ಮೇಲು. ಒಟ್ಟಿಗೆ ಹಾಕಿದರೆ ಎನ್‌ಇಡಿಯೂ ಸಲ್ಫನಿಲಮೈಡೂ ನೈಟ್ರೈಟ್‌ಗಾಗಿ ಪೈಪೋಟಿ ನಡೆಸುತ್ತವೆ. ಒಂದಾದ ಮೇಲೊಂದು ಹಾಕಿದರೆ ಕಡಿಮೆ ಪ್ರಮಾಣವೂ ಸಿಕ್ಕುತ್ತದೆ. ಶುದ್ಧ ನೀರಿನಲ್ಲಿ ಇದು ಹಿಡಿಯಬಲ್ಲ ಕನಿಷ್ಠ ಮಿತಿ ಸುಮಾರು 2.5 ಮೈಕ್ರೋಮೋಲಾರ್.

ಕ್ರಮ ಸರಳ. ಕೋಶಗಳ ಮೇಲಿನ ಮೀಡಿಯಮ್ 50 ಮೈಕ್ರೋಲೀಟರ್, ಸಲ್ಫನಿಲಮೈಡ್ 50, ಕತ್ತಲಲ್ಲಿ 5ರಿಂದ 10 ನಿಮಿಷ. ಎನ್‌ಇಡಿ 50, ಮತ್ತೆ ಅಷ್ಟೇ ಹೊತ್ತು. ಬಣ್ಣವನ್ನು 540 ನ್ಯಾನೋಮೀಟರ್ ಬೆಳಕಿನಲ್ಲಿ ಓದುವುದನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು, ತಡವಾದಷ್ಟೂ ಬಣ್ಣ ಮಾಸುತ್ತದೆ. ರಿಯೇಜೆಂಟ್‌ಗಳನ್ನು ಫ್ರಿಜ್‌ನಿಂದ ತೆಗೆದು ಕೋಣೆಯ ತಾಪಕ್ಕೆ ಬಂದ ಮೇಲೆಯೇ ಹಾಕಬೇಕು.

ಹೆಚ್ಚು ಎಡವುವುದು ಸ್ಟ್ಯಾಂಡರ್ಡ್, ಅಂದರೆ ಹೋಲಿಸಲು ಗೊತ್ತಿರುವ ಪ್ರಮಾಣದ ನೈಟ್ರೈಟ್ ದ್ರಾವಣ, ಮಾಡುವಾಗ. 0.1 ಮೋಲಾರ್‌ನಿಂದ 100 ಮೈಕ್ರೋಮೋಲಾರ್‌ಗೆ ಇಳಿಯಲು ಸಾವಿರ ಪಟ್ಟು ತೆಳುಮಾಡಬೇಕು. 1 ಮೈಕ್ರೋಲೀಟರ್ ಎಳೆದು ಒಂದೇ ಏಟಿಗೆ ಮುಗಿಸಿದರೆ ಪಿಪೆಟ್‌ನ ತಪ್ಪು ಇಡೀ ಗ್ರಾಫಿಗೆ ಅಂಟುತ್ತದೆ. ಮೊದಲು 10ಕ್ಕೆ 990, ಆಮೇಲೆ ಅದರಲ್ಲಿ 100ಕ್ಕೆ 900 ಸೇರಿಸುವುದು ಸುರಕ್ಷಿತ. ಅಲ್ಲಿಂದ ಅರ್ಧರ್ಧ ಮಾಡುತ್ತ 1.56 ಮೈಕ್ರೋಮೋಲಾರ್‌ವರೆಗೆ. ತೆಳುಮಾಡಲು ನೀರಲ್ಲ, ಕೋಶಗಳಿಗೆ ಬಳಸಿದ ಮೀಡಿಯಮ್ಮೇ ಬೇಕು, ಸೀರಮ್ ಸಮೇತ. ಇಲ್ಲವಾದರೆ ಸ್ಟ್ಯಾಂಡರ್ಡ್ ಒಂದು ಹಿನ್ನೆಲೆಯಲ್ಲಿ, ಸ್ಯಾಂಪಲ್ ಇನ್ನೊಂದರಲ್ಲಿ.

ಇನ್ನು ಕಿಟ್ ಹೇಳಲಾರದ ವಿಷಯ. ಬಣ್ಣ ಇಳಿಯಿತು ಎಂದರೆ ಐನೋಸ್ ತಗ್ಗಿತು ಎಂದಲ್ಲ. ಕೋಶಗಳು ಸತ್ತಿದ್ದರೂ ಇಳಿಯುತ್ತದೆ. ಮೀಡಿಯಮ್ ತೆಗೆದ ಅದೇ ವೆಲ್‌ಗಳಲ್ಲಿ (ಪ್ಲೇಟಿನ ಗುಳಿಗಳಲ್ಲಿ) ಕೋಶಗಳು ಬದುಕಿವೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆ ಮಾಡದ ಫಲಿತಾಂಶಕ್ಕೆ ಬೆಲೆಯಿಲ್ಲ. ಸಂಯುಕ್ತವೇ ಕ್ರಿಯೆಗೆ ಅಡ್ಡ ಬಂದರೂ ಇಳಿಯುತ್ತದೆ. ಆಸ್ಕಾರ್ಬಿಕ್ ಆಮ್ಲದಂಥ ಅಪಕರ್ಷಕಗಳು ಆಮ್ಲದಲ್ಲಿ ನೈಟ್ರೈಟನ್ನು ನುಂಗಿಬಿಡುತ್ತವೆ, ಸಸ್ಯದ ಸಾರಗಳಲ್ಲಿ ಅಂಥವು ಬೇಕಾದಷ್ಟಿರುತ್ತವೆ. ಪರೀಕ್ಷೆ ಸುಲಭ: ಕೋಶಗಳಿಲ್ಲದ ವೆಲ್‌ನಲ್ಲಿ 25 ಮೈಕ್ರೋಮೋಲಾರ್ ನೈಟ್ರೈಟ್‌ಗೆ ನಿಮ್ಮ ಸಾರವನ್ನು ಪ್ರಯೋಗದಷ್ಟೇ ಸೇರಿಸಿ ರಿಯೇಜೆಂಟ್ ಹಾಕಿ. ಅಲ್ಲೂ ಬಣ್ಣ ಕುಗ್ಗಿದರೆ ಆ ಸಾರಕ್ಕೆ ಈ ಕಿಟ್ ಹೊಂದುವುದಿಲ್ಲ. ಸಾರಕ್ಕೇ ಗಾಢ ಬಣ್ಣವಿದ್ದರೆ ಎನ್‌ಇಡಿ ಬದಲು ನೀರು ಹಾಕಿದ ವೆಲ್ ಒಂದಿರಲಿ, ಅದರ ಓದನ್ನು ಕಳೆಯಿರಿ. ಐನೋಸ್ ತಡೆಯುವ 1400ಡಬ್ಲ್ಯು ಎಂಬ ಸಂಯುಕ್ತ ಹೋಲಿಕೆಗಾಗಿ ಪ್ರತಿ ಪ್ಲೇಟಿನಲ್ಲೂ ಇರಬೇಕು.

ರಕ್ತದ ಪ್ಲಾಸ್ಮಾಗೆ ಈ ಕಿಟ್ಟನ್ನು ನೇರವಾಗಿ ಬಳಸಬೇಡಿ. ಅಲ್ಲಿರುವುದು ಹೆಚ್ಚಾಗಿ ನೈಟ್ರೇಟ್, ಅದನ್ನು ಮೊದಲು ರಿಡಕ್ಟೇಸ್ ಕಿಣ್ವದಿಂದ ನೈಟ್ರೈಟ್‌ಗೆ ಇಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಇದ್ದರೆ ಆಮ್ಲ ಬಿದ್ದೊಡನೆ ಗಸಿ ಕಟ್ಟುತ್ತದೆ. ಆರ್‌ಪಿಎಂಐ 1640ರಲ್ಲಿ ಬೆಳೆಸಿದ ಕೋಶಗಳಿಗೂ ರಿಡಕ್ಟೇಸ್ ದಾರಿ ಹಿಡಿಯುವಂತಿಲ್ಲ: ಆ ಮೀಡಿಯಮ್‌ನಲ್ಲೇ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 100 ಮಿಲಿಗ್ರಾಂ ಇದೆ, ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಲಿಯವಲ್ಲದ, ಮನುಷ್ಯರ ಟಿಎಚ್‌ಪಿ-1 ರೋಗನಿರೋಧಕ ಕೋಶಗಳು ಎಲ್‌ಪಿಎಸ್‌ಗೆ ನೈಟ್ರೈಟ್ ಕೊಡುವುದೇ ಅಪರೂಪ. ಅಲ್ಲಿ ಕಿಟ್ ಬಿಟ್ಟು ಉರಿಯೂತದ ಪ್ರೋಟೀನಾದ ಟಿಎನ್‌ಎಫ್ ಆಲ್ಫಾವನ್ನು ಪ್ರತಿಕಾಯದಿಂದ ಅಳೆಯುವ ಎಲಿಸಾಗೆ ಹೋಗುವುದೇ ಸರಿ.

ಕೊಳ್ಳಲೇಬೇಕೇ? ತಿಂಗಳಿಗೆ ಒಂದೆರಡು ಪ್ಲೇಟು ಓಡಿಸುವವರು ಕಿಟ್ ಕೊಂಡರೆ ತೂಗುವ, ಕರಗಿಸುವ ಕೆಲಸ ತಪ್ಪುತ್ತದೆ. ವಾರವಿಡೀ ಓಡಿಸುವವರು ಇದೇ ಪ್ರಮಾಣದಲ್ಲಿ ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು, ಗುಟ್ಟೇನೂ ಇಲ್ಲ. ಎನ್‌ಇಡಿಯನ್ನು ಕಪ್ಪು ಬಾಟಲಿಯಲ್ಲಿ 4 ಡಿಗ್ರಿಯಲ್ಲಿಡಿ, ಕಂದಾದರೆ ಚೆಲ್ಲಿ.