ಕನ್ನಡ ಸಾಲು ಮುರಿಯಲು ಝೀಲೇಟೆಕ್ಕೋ, ಲುವಾಲೇಟೆಕ್ಕೋ?

ಮೈಸೂರಿನ ಗೆಳೆಯರೊಬ್ಬರು ಸ್ಮರಣ ಸಂಚಿಕೆಯನ್ನು ಎರಡು ಕಾಲಂನಲ್ಲಿ ಕಟ್ಟಲು ಹೊರಟು ಈ ಪ್ರಶ್ನೆ ಕೇಳಿದರು. ಝೀಲೇಟೆಕ್ (XeLaTeX), ಲುವಾಲೇಟೆಕ್ (LuaLaTeX) ಎರಡೂ ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದ ರೂಪಗಳು. 'ವಿಶ್ವವಿದ್ಯಾನಿಲಯದವರಿಗೆ'ಯಂಥ ಪದ ಸಣ್ಣ ಕಾಲಂಗೆ ಬಂದರೆ, ಒಂದೋ ಪದಗಳ ನಡುವೆ ಹಳ್ಳ ಬೀಳುತ್ತದೆ, ಇಲ್ಲವೇ ಸಾಲು ಅಂಚು ದಾಟುತ್ತದೆ.

ಮುರಿಯುವ ನಿಯಮ ಎರಡರಲ್ಲೂ ಒಂದೇ: ಹೈಫನ್-ಇಂಡಿಕ್ (hyphen-indic) ಪ್ಯಾಕೇಜಿನ ಕನ್ನಡ ವಿನ್ಯಾಸಗಳು, ಎಂದರೆ ಪದವನ್ನು ಎಲ್ಲಿ ಮುರಿಯಬಹುದೆಂದು ಹೇಳುವ ಅಕ್ಷರ ಮಾದರಿಗಳ ಪಟ್ಟಿ. ಅವು ಒತ್ತಕ್ಷರವನ್ನು ಸೀಳುವುದಿಲ್ಲ, ಅನುಸ್ವಾರವನ್ನು ಮುಂದಿನ ಸಾಲಿಗೆ ತಳ್ಳುವುದಿಲ್ಲ. ಆದರೆ ಅರ್ಥ ನೋಡುವುದಿಲ್ಲ, ಅಕ್ಷರ ಮಾತ್ರ ನೋಡುತ್ತವೆ.

ವ್ಯತ್ಯಾಸ ಬೇರೆಡೆ ಇದೆ. ಝೀಲೇಟೆಕ್ ವಿನ್ಯಾಸಗಳನ್ನು ಫಾರ್ಮ್ಯಾಟ್ (ತಂತ್ರಾಂಶ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುವ ಕಡತ) ಕಟ್ಟುವಾಗಲೇ ಒಳಗೆ ತುಂಬಿಕೊಳ್ಳುತ್ತದೆ; ಲುವಾಲೇಟೆಕ್ ನಮ್ಮ ಕಡತ ಓಡಿಸುವಾಗ ಓದುತ್ತದೆ. ವಿನ್ಯಾಸ ತಿದ್ದಿ ನೋಡುವವರಿಗೆ ಎರಡನೆಯದೇ ಸಲೀಸು. ಕನ್ನಡದಲ್ಲಿ ಸಾಲಿನ ಕೊನೆಗೆ ಅಡ್ಡಗೆರೆ ಬೇಡವೆನ್ನುವವರು ಲುವಾಲೇಟೆಕ್‌ನಲ್ಲಿ ಪ್ರೀಹೈಫನ್‌ಚಾರ್ (prehyphenchar, ಮುರಿದ ಕಡೆ ಬೀಳುವ ಗುರುತು) ಬೆಲೆಯನ್ನು 0 ಮಾಡಿದರೆ ಸಾಕು. ಆದರೆ ಅಲ್ಲಿ ಒತ್ತಕ್ಷರ, ಕಾಗುಣಿತ ಸರಿಯಾಗಿ ಕೂಡಲು ಫಾಂಟ್ ಆಯ್ಕೆಯಲ್ಲಿ ಹಾರ್ಫ್‌ಬಝ್ (HarfBuzz, ಅಕ್ಷರ ಜೋಡಿಸುವ ತಂತ್ರಾಂಶ) ಎಂದು ಬರೆಯುವುದು ಒಳ್ಳೆಯದು. ಝೀಲೇಟೆಕ್‌ಗೆ ಆ ಗೋಜಿಲ್ಲ, ವೇಗವೂ ಹೆಚ್ಚು.

ಒಂದು ಮಾತು ಇಬ್ಬರಿಗೂ. ಸಾಲಿನ ತುದಿಗೆ 'ಮಂಡ್ಯದ', ಕೆಳಗೆ ಒಂಟಿ 'ಲ್ಲಿ' ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಅದನ್ನು ತಡೆಯಲು ರೈಟ್‌ಹೈಫನ್‌ಮಿನ್ (righthyphenmin, ಕೆಳಗಿನ ಸಾಲಿಗೆ ಹೋಗುವ ತುಂಡಿನಲ್ಲಿ ಇರಲೇಬೇಕಾದ ಕನಿಷ್ಠ ಸಂಕೇತಗಳು) 2 ಎಂದರೆ ಸಾಲದು. ಗಣಕಕ್ಕೆ 'ಲ್ಲಿ' ಒಂದು ಅಕ್ಷರವಲ್ಲ: ಲ, ವಿರಾಮ (ಒತ್ತು ಕೂಡಿಸುವ ಹಲಂತ ಗುರುತು), ಲ, ಇಕಾರ, ಒಟ್ಟು 4 ಸಂಕೇತ. 5 ಕೊಡಿ.

ಸರಳ ಸಂಚಿಕೆಯಾದರೆ ಝೀಲೇಟೆಕ್ ಸಾಕು. ಅಡ್ಡಗೆರೆಯಿಲ್ಲದ ಕಾಲಂ ಬೇಕಾದರೆ ಲುವಾಲೇಟೆಕ್ ಹಿಡಿಯಿರಿ. ಗೆಳೆಯರಿಗೂ ಅದನ್ನೇ ಹೇಳಿದೆ.