ಸುರುಳಿಗೆ ಹನ್ನೆರಡೇ ಚಿತ್ರ: ಯಾಶಿಕಾ ಮ್ಯಾಟ್ 124ಜಿ

ಮಾವನವರ ಕಪಾಟಿನಲ್ಲಿ ಮಲಗಿದ್ದ ಈ ಕ್ಯಾಮೆರಾವನ್ನು ಹಂಪಿಗೆ ಒಯ್ದಿದ್ದೆ. ಇದಕ್ಕೆ ಹಾಕುವ ‘120’ ಎಂಬ ಅಗಲ ಫಿಲ್ಮಿನ ಒಂದು ಸುರುಳಿಗೆ ಹನ್ನೆರಡೇ ಚೌಕ ಚಿತ್ರ. ಹೋದ ಸಲ ಅಲ್ಲೇ ಮೊಬೈಲಿನಲ್ಲಿ ಆರುನೂರು ಚಿತ್ರ ತೆಗೆದಿದ್ದೆ. ಇಂದಿಗೂ ಒಂದನ್ನೂ ಪ್ರಿಂಟ್ ಹಾಕಿಸಿಲ್ಲ.

ಇದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಮಟ್ಟದಲ್ಲಿಟ್ಟುಕೊಂಡು ಮೇಲಿನ ಗಾಜಿಗೆ ತಲೆಬಾಗಬೇಕು. ಅಲ್ಲಿ ಎಡ ಬಲವಾಗಿ ಕಾಣುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥ ಬಲಕ್ಕಿದೆಯೆಂದು ಬಲಕ್ಕೆ ತಿರುಗಿಸಿದರೆ ರಥ ಚೌಕಟ್ಟಿನಿಂದಲೇ ಹೊರಟುಹೋಯಿತು! ಅದನ್ನು ಮರಳಿ ಕರೆತರುವಷ್ಟರಲ್ಲಿ ಚಕ್ರದ ಮೇಲಿನ ನೆರಳು ಗೇಣುದ್ದ ಸರಿದಿತ್ತು. ಹಾಗೆಯೇ ಚೆನ್ನಾಗಿ ಕಂಡಿತು. ಇನ್ನಷ್ಟು ಸರಿಯಲಿ ಎಂದು ಕಾದೆ. ನಲವತ್ತು ನಿಮಿಷಕ್ಕೆ ಒಂದು ಚಿತ್ರ. ಅಷ್ಟರಲ್ಲಿ ನನ್ನವಳು ಎರಡು ಎಳನೀರು ಮುಗಿಸಿದ್ದಳು.

ಫಿಲ್ಮಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಓಡಾಡುವ ಮಕ್ಕಳಿಗಂತೂ ಮೊಬೈಲೇ ಸರಿ. ನೂರು ತೆಗೆದರೆ ಒಂದರಲ್ಲಾದರೂ ಮುಖ ಸಿಗುತ್ತದೆ. ಕಲ್ಲಿಗೆ, ಬೆಟ್ಟಕ್ಕೆ, ಸುಮ್ಮನೆ ಕೂರುವ ಅಜ್ಜಿಗೆ ಮಾತ್ರ ನಾನು ಇದನ್ನೇ ತೆಗೆದುಕೊಳ್ಳುತ್ತೇನೆ.

ಹನ್ನೆರಡರಲ್ಲಿ ಐದು ಗೋಡೆಗೇರಿವೆ. ಒಂದರಲ್ಲಿ ಫೋಕಸ್ ಮಾಡುವುದನ್ನೇ ಮರೆತಿದ್ದೆ.